ಗಾಳಿ ಇದ್ದಷ್ಟೇ ಡೀಸೆಲ್: ರೀಮ್ಯಾಪ್ ಮಾಡಿಸುವ ಮುನ್ನ

ಮಾರುತಿ ಸ್ವಿಫ್ಟ್‌ನ ಡೀಸೆಲ್ ಎಂಜಿನ್ 1,248 ಸಿಸಿಯದು. ಸಿಲಿಂಡರ್ ನಾಲ್ಕು, ಒಂದೊಂದರ ಪಾಲಿಗೆ 312 ಸಿಸಿ. ಅಷ್ಟು ಜಾಗದಲ್ಲಿ ಹಿಡಿಸುವ ಹೊರಗಿನ ಗಾಳಿಯ ತೂಕ ಹೆಚ್ಚುಕಮ್ಮಿ 360 ಮಿಲಿಗ್ರಾಂ. ಒಂದು ಪಾಲು ಡೀಸೆಲ್ ಕಪ್ಪು ಹೊಗೆ ಬಿಡದೆ ಉರಿಯಬೇಕಾದರೆ ಸುಮಾರು 18 ಪಾಲು ಗಾಳಿ ಬೇಕು. ಭಾಗಿಸಿ ನೋಡಿ, 20 ಮಿಲಿಗ್ರಾಂ ಡೀಸೆಲ್ ಬರುತ್ತದೆ. ಟರ್ಬೊ ಇಲ್ಲದಿದ್ದರೆ ಆ ಸಿಲಿಂಡರ್ ಒಂದು ಸಲಕ್ಕೆ ಸ್ವಚ್ಛವಾಗಿ ಉರಿಸಬಲ್ಲದ್ದು ಇಷ್ಟೇ. ಟರ್ಬೊ ಬಂದು ಗಾಳಿಯನ್ನು ಒತ್ತಿ ಎರಡರಷ್ಟು ತುಂಬಿದರೆ 40 ಮಿಲಿಗ್ರಾಂ. ಇಡೀ ರೀಮ್ಯಾಪಿಂಗ್, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವ ಕೆಲಸ, ಈ ಲೆಕ್ಕದ ಮೇಲೆ ನಿಂತಿದೆ. ಕಾರಿಗೆ ಪಿಕಪ್ ಸಾಲದು, ಘಾಟಿಯಲ್ಲಿ ಲಾರಿ ಹಿಂದಿಕ್ಕಲು ದಮ್ಮಿಲ್ಲ ಎಂದು ಇದರ ಬಗ್ಗೆ ವಿಚಾರಿಸಲು ಹೊರಟಿದ್ದೀರಾದರೆ, ಬೇರೆಲ್ಲಕ್ಕಿಂತ ಮೊದಲು ಈ ಭಾಗಾಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ರಸಾಯನಶಾಸ್ತ್ರದ ಪ್ರಕಾರ ಒಂದು ಪಾಲು ಡೀಸೆಲ್‌ಗೆ ಹದಿನಾಲ್ಕೂವರೆ ಪಾಲು ಗಾಳಿ ಸಾಕು. ಹಾಗಿದ್ದರೆ 18 ಯಾಕೆ? ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯೂ ಪೆಟ್ರೋಲೂ ಮೊದಲೇ ಬೆರೆತು ಕಿಡಿಗಾಗಿ ಕಾಯುತ್ತವೆ. ಡೀಸೆಲ್‌ನಲ್ಲಿ ಗಾಳಿ ಮಾತ್ರ ಒಳಗಿದ್ದು, ಒತ್ತಡದಿಂದ ಕೆಂಡದಂತೆ ಕಾದಿರುತ್ತದೆ. ಇಂಜೆಕ್ಟರ್ ಆಗ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ, ಚಿಮ್ಮಿದಲ್ಲೇ ಅದು ಹೊತ್ತಿಕೊಳ್ಳುತ್ತದೆ. ಸರಿಯಾಗಿ ಬೆರೆಯಲು ಪುರುಸೊತ್ತೇ ಇಲ್ಲ. ಆದ್ದರಿಂದ ಪ್ರತಿ ಹನಿಗೂ ಸುತ್ತ ಗಾಳಿ ಧಾರಾಳವಾಗಿರಬೇಕು. ಹಳ್ಳಿಯ ಮಣ್ಣಿನ ಒಲೆಯ ಮುಂದೆ ಕೂತವರಿಗೆ ಇದು ಗೊತ್ತು: ಒಲೆ ಹೊಗೆಯಾಡಿದಾಗ ಇನ್ನೊಂದು ಸೌದೆ ತುರುಕಿದರೆ ಹೊಗೆ ಹೆಚ್ಚುತ್ತದೆಯೇ ಹೊರತು ಉರಿ ಏಳುವುದಿಲ್ಲ, ಊದುಗೊಳವೆ ಹಿಡಿದು ಊದಬೇಕು. ಕಾರಿನಲ್ಲಿ ಆ ಊದುವ ಕೆಲಸ ಟರ್ಬೊದ್ದು.

ಡೀಸೆಲ್ ಹೆಚ್ಚಿಸಿ ಎಳೆತ ಪಡೆಯುವ ಆಸೆ ಹೊಸದೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ನೆನೆಯಿರಿ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾಯಿತು. ಆ ಕಾಲದ ಲಾರಿಗಳ ಡೀಸೆಲ್ ಪಂಪ್ ಅಂದರೆ ಮೈಕೋ ಪಂಪ್. ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಅದರೊಳಗಿನ ಸ್ಪ್ರಿಂಗು, ತೂಕ, ಸ್ಕ್ರೂಗಳು ತೀರ್ಮಾನಿಸುತ್ತಿದ್ದವು. ಗಾಡಿ ಎಳೆಯುವುದಿಲ್ಲ ಎಂದರೆ ಆ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಆಯಿತು, ಎಳೆತ ಬರುತ್ತಿತ್ತು. ಜೊತೆಗೆ ಕಪ್ಪು ಹೊಗೆಯೂ ಬರುತ್ತಿತ್ತು. ಎಂಜಿನ್‌ಗೆ ಸಿಗುತ್ತಿರುವ ಗಾಳಿ ಎಷ್ಟು, ಅದು ಎಷ್ಟು ಬಿಸಿ, ಊರು ಎಷ್ಟು ಎತ್ತರದಲ್ಲಿದೆ ಎಂಬ ವಿಚಾರ ಆ ಸ್ಕ್ರೂಗೆ ತಿಳಿಯದು. ಇಂದಿಗೂ ಕೆಟ್ಟ ರೀಮ್ಯಾಪ್ ಎಂದರೆ ಆ ಸ್ಕ್ರೂವನ್ನೇ ಲ್ಯಾಪ್‌ಟಾಪ್‌ನಲ್ಲಿ ತಿರುಗಿಸುವುದು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಕಾರಿನೊಳಗಿನ ಕಂಪ್ಯೂಟರ್ ಹೇಗೆ ಯೋಚಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನೊಂದಿಗೆ ಕಾಮನ್ ರೈಲ್ ಪದ್ಧತಿ ಪ್ರಯಾಣಿಕರ ಕಾರುಗಳಿಗೆ ಬಂತು. ಇದರಲ್ಲಿ ಪಂಪ್‌ನ ಕೆಲಸ ಒತ್ತಡ ತುಂಬುವುದಷ್ಟೇ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ರೈಲ್ ಎಂಬ ಒಂದು ಕೊಳವೆಯಲ್ಲಿ ಸಿದ್ಧವಾಗಿರುತ್ತದೆ. ಇಂಜೆಕ್ಟರ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರ ಒಳಗೆ ನೂರಾರು ಕೋಷ್ಟಕಗಳಿರುತ್ತವೆ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಪೆಡಲ್ ಅಥವಾ ಗಾಳಿ ಅಥವಾ ಬಿಸಿ, ಎರಡೂ ಸೇರುವ ಮನೆಯಲ್ಲಿ ಒಂದು ಸಂಖ್ಯೆ. ಈ ಕೋಷ್ಟಕಕ್ಕೇ ಮ್ಯಾಪ್ ಎನ್ನುವುದು.

ನೀವು ಆಕ್ಸಿಲರೇಟರ್ ಒತ್ತಿದಾಗ ಡೀಸೆಲ್ ನೇರವಾಗಿ ಎಂಜಿನ್‌ಗೆ ಹೋಗುವುದಿಲ್ಲ. ಆ ಒತ್ತು ಒಂದು ಕೋರಿಕೆ ಮಾತ್ರ. ಇಷ್ಟು ಒತ್ತಿದ್ದಾರೆ, ಇಷ್ಟು ಆರ್‌ಪಿಎಂ ಇದೆ, ಹಾಗಾದರೆ ಇಷ್ಟು ಟಾರ್ಕ್ ಬಯಸುತ್ತಿದ್ದಾರೆ ಎಂದು ಮೊದಲ ಮ್ಯಾಪ್ ಹೇಳುತ್ತದೆ. ಆ ಟಾರ್ಕ್‌ಗೆ ಇಷ್ಟು ಮಿಲಿಗ್ರಾಂ ಡೀಸೆಲ್ ಬೇಕು ಎಂದು ಇನ್ನೊಂದು. ಆಮೇಲೆ ಲಿಮಿಟರ್‌ಗಳು ಒಂದರ ಹಿಂದೊಂದು ಬರುತ್ತವೆ. ಕ್ಲಚ್ಚು, ಗೇರ್‌ಬಾಕ್ಸು, ಪಿಸ್ಟನ್ನು ತಡೆಯುವ ಟಾರ್ಕ್ ಎಷ್ಟು ಎಂದು ಒಂದು ಲಿಮಿಟರ್ ಹೇಳುತ್ತದೆ. ಈ ಕ್ಷಣ ಒಳಗೆ ಬರುತ್ತಿರುವ ಗಾಳಿಗೆ ಹೊಗೆಯಿಲ್ಲದೆ ಎಷ್ಟು ಡೀಸೆಲ್ ಉರಿಯಬಹುದು ಎಂದು ಇನ್ನೊಂದು ಹೇಳುತ್ತದೆ. ಇದು ಸ್ಮೋಕ್ ಲಿಮಿಟರ್. ಕೂಲೆಂಟ್ ಕಾದಿದೆಯೇ, ಒಳಗೆ ಬರುವ ಗಾಳಿ ಬಿಸಿಯೇ, ಹೊರಗಿನ ವಾಯುಭಾರ ಎಷ್ಟು ಎಂದು ನೋಡಿ ಕಡಿತ ಮಾಡುವ ಲಿಮಿಟರ್‌ಗಳೂ ಇವೆ. ಇವೆಲ್ಲದರಲ್ಲಿ ಅತಿ ಚಿಕ್ಕ ಸಂಖ್ಯೆ ಯಾವುದೋ ಅದೇ ಗೆಲ್ಲುತ್ತದೆ, ಅಷ್ಟೇ ಡೀಸೆಲ್ ಹೋಗುತ್ತದೆ. ಈ ವ್ಯವಸ್ಥೆ ನನಗೆ ಬಹಳ ಇಷ್ಟ. ಚಾಲಕನ ಕಾಲು ಏನೇ ಕೇಳಲಿ, ಎಂಜಿನ್‌ನ ಪರವಾಗಿ ಮಾತಾಡುವವರು ಒಳಗೆ ಹಲವರಿದ್ದಾರೆ.

ತಿಳಿದು ಮಾಡುವ ಟ್ಯೂನರ್ ಮೊದಲು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಸ್ವಲ್ಪ ಏರಿಸಿ, ಗಾಳಿ ನಿಜಕ್ಕೂ ಸಿಗುತ್ತಿದೆಯೇ ಎಂದು ಅಳೆದು, ಆ ಗಾಳಿಗೆ ತಕ್ಕಷ್ಟು ಡೀಸೆಲ್ ಸೇರಿಸಿ, ಟಾರ್ಕ್ ಲಿಮಿಟರನ್ನು ಅಷ್ಟೇ ಪ್ರಮಾಣದಲ್ಲಿ ಮೇಲೆತ್ತುತ್ತಾನೆ. ಲಿಮಿಟರ್‌ಗಳು ಹೊಸ ಎತ್ತರದಲ್ಲಿ ಜೀವಂತವಾಗಿರುತ್ತವೆ. ಅರೆಬರೆ ಕಲಿತವನು ಲಿಮಿಟರ್‌ಗಳನ್ನೆಲ್ಲ ಎಂದೂ ಮುಟ್ಟಲಾಗದಷ್ಟು ಎತ್ತರಕ್ಕೆ ಏರಿಸಿ ಡೀಸೆಲ್ ಸುರಿಯುತ್ತಾನೆ. ಮೊದಲ ದಿನ ಎರಡೂ ಕಾರುಗಳು ಒಂದೇ ರೀತಿ ಓಡುತ್ತವೆ, ಎರಡನೆಯದು ಇನ್ನೂ ಜೋರಾಗಿಯೇ ಓಡೀತು. ಆದರೆ ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ, ಐದು ಜನ ಕೂತು, ಏಸಿ ಹಾಕಿ, ಬೂಸ್ಟ್ ಪೈಪ್‌ನಲ್ಲಿ ಸಣ್ಣ ಸೀಳು ಬಿಟ್ಟಿರುವ ದಿನ, ಎರಡನೆಯ ಎಂಜಿನ್‌ಗೆ ಬೇಡ ಎನ್ನುವವರು ಯಾರೂ ಉಳಿದಿರುವುದಿಲ್ಲ.

ಕಂಪನಿಯವರೇ ಯಾಕೆ ಹೆಚ್ಚು ಶಕ್ತಿ ಕೊಟ್ಟಿರುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕಾರ್ಖಾನೆ ಒಂದೇ ಮ್ಯಾಪ್ ಬರೆದು ಲಕ್ಷಗಟ್ಟಲೆ ಕಾರುಗಳಿಗೆ ಹಾಕಬೇಕು. ಅವುಗಳಲ್ಲಿ ಕೆಲವು ಲೇಹ್‌ನ ಚಳಿಯಲ್ಲಿ, ಕೆಲವು ರಾಯಚೂರಿನ ಸೆಕೆಯಲ್ಲಿ ಓಡುತ್ತವೆ. ಒಬ್ಬ ಮಾಲೀಕ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುತ್ತಾನೆ, ಇನ್ನೊಬ್ಬ ಮರೆಯುತ್ತಾನೆ. ಹೊಗೆಯ ನಿಯಮ, ವಾರಂಟಿ, ಗೇರ್‌ಬಾಕ್ಸಿನ ತಾಳಿಕೆ, ದುಬಾರಿ ಮಾಡೆಲ್‌ಗೆ ಸ್ವಲ್ಪ ಹೆಚ್ಚು ಶಕ್ತಿ ಕಾದಿಡುವ ವ್ಯಾಪಾರದ ಲೆಕ್ಕ, ಎಲ್ಲ ಸೇರಿ ಒಂದಿಷ್ಟು ಅಂತರ ಉಳಿಸಿರುತ್ತಾರೆ. ರೀಮ್ಯಾಪ್‌ನಿಂದ ಬರುವ ಶಕ್ತಿ ಆ ಅಂತರದಿಂದಲೇ ಬರುತ್ತದೆ, ಬೇರೆಲ್ಲಿಂದಲೂ ಅಲ್ಲ. ಪೂರ್ತಿ ತೆಗೆದುಕೊಂಡರೆ ಕೆಟ್ಟ ದಿನಕ್ಕೆ ಏನೂ ಉಳಿಯದು. ಅರ್ಧ ತೆಗೆದುಕೊಂಡು ಅರ್ಧ ಬಿಟ್ಟರೆ ಎಂಜಿನ್ ಬಹುಕಾಲ ಜೊತೆಗಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಸ್ವಿಫ್ಟ್‌ನ ಈ ಎಂಜಿನ್ ಫಿಯಟ್‌ನ 1.3 ಮಲ್ಟಿಜೆಟ್. ಮಾರುತಿ, ಟಾಟಾ, ಫಿಯಟ್ ಮೂವರೂ ಬಳಸಿದರು, 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಅದನ್ನು ಕೈಬಿಟ್ಟಿತು. ಸ್ವಿಫ್ಟ್‌ನಲ್ಲಿ ಅದರ ಶಕ್ತಿ 75 ಪಿಎಸ್, ಟಾರ್ಕ್ 190 ಎನ್‌ಎಂ. ಎರ್ಟಿಗಾದಲ್ಲಿ 90 ಪಿಎಸ್, 200 ಎನ್‌ಎಂ. ಎಂಜಿನ್ ಒಂದೇ, ಸಾಫ್ಟ್‌ವೇರ್ ಮಾತ್ರ ಬೇರೆ, ಆದ್ದರಿಂದ ಸ್ವಿಫ್ಟ್‌ಗೂ 90 ಪಿಎಸ್ ಸಲೀಸು ಎಂದು ಹೇಳುವವರು ಸಿಗುತ್ತಾರೆ. ಟರ್ಬೊ ಬೇರೆ ಎಂಬುದನ್ನು ಅವರು ಬಿಟ್ಟುಬಿಡುತ್ತಾರೆ. ಸ್ವಿಫ್ಟ್‌ನದು ಸ್ಥಿರ ರಚನೆಯ ಸಣ್ಣ ಟರ್ಬೊ. ಎರ್ಟಿಗಾದ ಟರ್ಬೊದಲ್ಲಿ ಒಳಗಿನ ರೆಕ್ಕೆಗಳು ತಿರುಗಿ ಆರ್‌ಪಿಎಂಗೆ ತಕ್ಕಂತೆ ದಾರಿಯನ್ನು ಕಿರಿದು, ಅಗಲ ಮಾಡುತ್ತವೆ, ಹೀಗಾಗಿ ಮೇಲಿನ ಆರ್‌ಪಿಎಂನಲ್ಲೂ ಅದು ಸುಲಭವಾಗಿ ಉಸಿರಾಡುತ್ತದೆ. ಸಣ್ಣ ಟರ್ಬೊವನ್ನು ಆ ಗಾಳಿಗಾಗಿ ಒತ್ತಾಯಿಸಿದರೆ ಅದು ಮಿತಿಮೀರಿ ತಿರುಗಬೇಕು. ಇಂಥ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ಕೆಲಸ ಮಾಡುವಂಥವು, ಅದರಾಚೆಗೆ ಉಳಿದಿರುವ ಜಾಗ ಬಹಳ ಕಡಿಮೆ.

ಈಗ ಶಕ್ತಿಗೂ ಟಾರ್ಕ್‌ಗೂ ಇರುವ ಸಂಬಂಧ. ಎನ್‌ಎಂನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. ಸ್ವಿಫ್ಟ್ 2,000 ಆರ್‌ಪಿಎಂನಲ್ಲಿ 190 ಎನ್‌ಎಂ ಕೊಡುತ್ತದೆ. ಆಗ ಅದರ ಶಕ್ತಿ 54 ಪಿಎಸ್. ಗರಿಷ್ಠ 75 ಪಿಎಸ್ ಬರುವುದು 4,000 ಆರ್‌ಪಿಎಂನಲ್ಲಿ. ಅಲ್ಲಿ ಟಾರ್ಕ್ ಎಷ್ಟಿರಬೇಕು? ಲೆಕ್ಕ ತಿರುಗಿಸಿದರೆ ಸುಮಾರು 132 ಎನ್‌ಎಂ. ಅಂದರೆ ಮೇಲಕ್ಕೆ ಹೋದಂತೆ ಎಂಜಿನ್‌ನ ಎಳೆತ ಕುಸಿಯುತ್ತಾ ಹೋಗುತ್ತದೆ. ಆ 132 ಅನ್ನು 155 ಮಾಡಿದರೆ ಶಕ್ತಿ 88 ಪಿಎಸ್ ಆಗುತ್ತದೆ, ಕೆಳಗಿನ 190 ಅನ್ನು ಮುಟ್ಟದೆಯೇ! ರೀಮ್ಯಾಪ್‌ನಲ್ಲಿ ಗರಿಷ್ಠ ಸಂಖ್ಯೆಗಿಂತ ಟಾರ್ಕ್ ರೇಖೆಯ ಆಕಾರ ಮುಖ್ಯ ಎಂದು ನಾನು ಹೇಳುವುದು ಈ ಕಾರಣಕ್ಕೆ. ವಿಚಾರಿಸಲು ಹೋದಾಗ ‘ಎಷ್ಟು ಪಿಎಸ್ ಮಾಡಿಕೊಡ್ತೀರಿ’ ಎಂದು ಕೇಳಬೇಡಿ. ‘ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಸೇರಿಸ್ತೀರಿ’ ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಆತನ ಓದು ಗೊತ್ತಾಗುತ್ತದೆ.

ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಏರಿಸುವುದು ಬಹಳ ಆಕರ್ಷಕ. ಪೆಡಲ್ ಮುಟ್ಟಿದ ಕೂಡಲೇ ಬೆನ್ನು ಸೀಟಿಗೆ ಒತ್ತುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಆದರೆ ಎಂಜಿನ್‌ಗೆ ಹೆಚ್ಚು ನೋವಾಗುವುದು ಇಲ್ಲಿಯೇ. ಇಂದಿನ ಕಾರು ಡೀಸೆಲ್‌ಗಳಲ್ಲಿ ಪೂರ್ಣ ಹೊರೆಯಲ್ಲಿ ಸಿಲಿಂಡರ್ ಒಳಗಿನ ಒತ್ತಡ 150 ಬಾರ್‌ನ ಸುತ್ತಮುತ್ತ ಇರುತ್ತದೆ. 1,500 ಆರ್‌ಪಿಎಂನಲ್ಲಿ ಪಿಸ್ಟನ್ ನಿಧಾನವಾಗಿ ಇಳಿಯುವಾಗ ಆ ಹೊಡೆತವನ್ನು ಕನೆಕ್ಟಿಂಗ್ ರಾಡ್, ಬೇರಿಂಗ್, ಡ್ಯುಯಲ್ ಮಾಸ್ ಫ್ಲೈವೀಲ್ ಇದ್ದರೆ ಅದರ ಸ್ಪ್ರಿಂಗ್‌ಗಳು ಹೆಚ್ಚು ಹೊತ್ತು ಹೊರಬೇಕು. ಬೇರಿಂಗ್ ನಡುವಿನ ಆಯಿಲ್ ಪದರವೂ ಆ ವೇಗದಲ್ಲಿ ತೆಳ್ಳಗೆ. ಆದ್ದರಿಂದ 1,800ರ ಕೆಳಗೆ ಕಂಪನಿ ಕೊಟ್ಟದ್ದನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟು, 2,200ರಿಂದ 3,800ರವರೆಗೆ ರೇಖೆಯನ್ನು ತುಂಬಿಸಿಕೊಡುವ ಮ್ಯಾಪ್ ನನ್ನ ಆಯ್ಕೆ. ಓವರ್‌ಟೇಕ್ ಮಾಡುವುದೂ ಆ ವ್ಯಾಪ್ತಿಯಲ್ಲೇ ಅಲ್ಲವೇ?

ಎಂಜಿನ್ ತಡೆದರೆ ಸಾಲದು, ಹಿಂದಿನ ಗೇರ್‌ಬಾಕ್ಸೂ ತಡೆಯಬೇಕು. ಫೋಕ್ಸ್‌ವ್ಯಾಗನ್ ವೆಂಟೊ, ಸ್ಕೋಡಾ ರ‍್ಯಾಪಿಡ್ ಕಾರುಗಳ 1.5 ಟಿಡಿಐ ಎಂಜಿನ್ 250 ಎನ್‌ಎಂ ಕೊಡುತ್ತಿತ್ತು. ಅದರ ಆಟೊಮ್ಯಾಟಿಕ್ ಮಾದರಿಯಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್‌ಗೆ ಅದನ್ನು ಮಾಡಿದವರು ಗೊತ್ತುಪಡಿಸಿದ ಮಿತಿಯೂ 250 ಎನ್‌ಎಂ. ಅಲ್ಲಿ ಏನೂ ಉಳಿದಿಲ್ಲ. ಅಂಥ ಕಾರಿನ ಟಾರ್ಕನ್ನು 300 ದಾಟಿಸಿದರೆ ಎಂಜಿನ್ ಹಾಡುತ್ತಾ ಓಡಬಹುದು, ಕ್ಲಚ್ ಪ್ಯಾಕ್ ಸವೆಯುತ್ತದೆ. ಮ್ಯಾನುವಲ್ ಕಾರಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಕ್ಲಚ್. ಐದನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಜಿಗಿದು ಕಾರಿನ ವೇಗ ಅದೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ.

ಇನ್ನು ಬಿಸಿ. ಬಾಳಿಕೆಯ ಪ್ರಶ್ನೆಯಲ್ಲಿ ಇದಕ್ಕಿಂತ ದೊಡ್ಡದು ಬೇರಿಲ್ಲ. ಪಿಸ್ಟನ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟರ್ಬೊಗೆ ಹೊಡೆಯುವ ಹೊಗೆಯ ಬಿಸಿ ಪೂರ್ಣ ಹೊರೆಯಲ್ಲಿ 700 ದಾಟುವುದು ಸಾಮಾನ್ಯ. ಪಿಸ್ಟನ್ ಉಳಿಯುವುದು ಕೆಳಗಿನಿಂದ ಆಯಿಲ್ ಚಿಮ್ಮಿ ತಂಪು ಮಾಡುವುದರಿಂದ, ಮತ್ತೆ ಮತ್ತೆ ಹೊಸ ಗಾಳಿ ಬರುವುದರಿಂದ. ಸಾಧಾರಣ ರಸ್ತೆ ಕಾರಿನಲ್ಲಿ ಟರ್ಬೊ ಮುಂದಿನ ಬಿಸಿ ದೀರ್ಘ ಹೊತ್ತು 750 ಮೀರದಂತೆ ನೋಡಿಕೊಳ್ಳುವುದು ಸುರಕ್ಷಿತ. ಬಿಸಿ ಏರುವುದು ಎರಡು ದಾರಿಯಲ್ಲಿ. ಗಾಳಿ ಸಾಲದೆ ಡೀಸೆಲ್ ಹೆಚ್ಚಾದರೆ ಒಂದು. ಇಂಜೆಕ್ಷನ್ ತಡವಾಗಿ ಮುಗಿದರೆ ಇನ್ನೊಂದು. 4,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 24,000 ಡಿಗ್ರಿ ತಿರುಗುತ್ತದೆ. ಉರಿಯುವ ಕೆಲಸಕ್ಕೆ ಸಿಗುವ 30 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದ ಒಂದೂಕಾಲು ಪಾಲು. ಹೆಚ್ಚು ಡೀಸೆಲ್ ಚಿಮ್ಮಿಸಲು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಕೊನೆಯ ಹನಿಗಳು ಪಿಸ್ಟನ್ ಸಾಕಷ್ಟು ಕೆಳಗಿಳಿದ ಮೇಲೆ ಉರಿಯುತ್ತವೆ. ಅವು ಚಕ್ರವನ್ನು ತಿರುಗಿಸುವುದಿಲ್ಲ, ಟರ್ಬೊವನ್ನು ಕಾಯಿಸುತ್ತವೆ. ಒಳ್ಳೆಯ ಮ್ಯಾಪ್‌ನಲ್ಲಿ ರೈಲ್ ಒತ್ತಡ ಸ್ವಲ್ಪ, ಇಂಜೆಕ್ಷನ್ ಆರಂಭ ಸ್ವಲ್ಪ ಸರಿಹೊಂದಿ, ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ.

ಎತ್ತರವನ್ನೂ ಮರೆಯುವಂತಿಲ್ಲ. ಮಂಗಳೂರಿನ ಕಡಲ ಮಟ್ಟದಲ್ಲಿ ವಾಯುಭಾರ ಒಂದು ಬಾರ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 0.91. ಮಡಿಕೇರಿಯಲ್ಲಿ 0.88. ಲೇಹ್‌ನಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ. ಸಿಲಿಂಡರ್‌ಗೆ ಎರಡು ಬಾರ್ ಗಾಳಿ ತುಂಬಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಎರಡುಪಟ್ಟು ಒತ್ತಬೇಕು, ಮಡಿಕೇರಿಯಲ್ಲಿ ಎರಡೂಕಾಲು, ಲೇಹ್‌ನಲ್ಲಿ ಮೂರು. ಕಂಪನಿಯ ಇಸಿಯು ಎತ್ತರ ಏರಿದಂತೆ ತಾನಾಗಿ ಬೂಸ್ಟ್ ತಗ್ಗಿಸಿ ಟರ್ಬೊವನ್ನು ಕಾಪಾಡುತ್ತದೆ. ಈ ತಿದ್ದುಪಡಿಯನ್ನು ತೆಗೆದುಹಾಕಿದ ಕಾರಿನಲ್ಲಿ ಹಿಮಾಲಯಕ್ಕೆ ಹೊರಟರೆ ಟರ್ಬೊ ಹಿಂದಿರುಗುವುದು ಅನುಮಾನ.

ಇದಿಷ್ಟೂ ಆರೋಗ್ಯವಂತ ಎಂಜಿನ್‌ನ ಮಾತು. ಲಕ್ಷ ಕಿಲೋಮೀಟರ್ ದಾಟಿದ ಕಾರಿನ ಎಳೆತ ಕುಗ್ಗಿದ್ದರೆ ರೀಮ್ಯಾಪ್ ಅದಕ್ಕೆ ಮದ್ದಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ, ಇಂಟೇಕ್ ದಾರಿಯಲ್ಲಿ ಮಸಿ ಕಟ್ಟಿರಬಹುದು. ಇಂಟರ್‌ಕೂಲರ್ ಹೋಸ್ ಸೋರುತ್ತಿರಬಹುದು, ಕೀಲಿನ ಸುತ್ತ ಎಣ್ಣೆ ಪಸೆ ಕಂಡರೆ ಅನುಮಾನಿಸಿ. ಇಂಜೆಕ್ಟರ್‌ಗಳ ರಿಟರ್ನ್ ಟೆಸ್ಟ್ ಮಾಡಿಸಿ, ನಾಲ್ಕರಲ್ಲಿ ಒಂದು ಮಾತ್ರ ಹೆಚ್ಚು ಡೀಸೆಲ್ ವಾಪಸ್ ಬಿಡುತ್ತಿದ್ದರೆ ಅದು ಸವೆದಿದೆ. ಕಂಪ್ರೆಷನ್, ಟರ್ಬೊ ಶಾಫ್ಟ್‌ನ ಆಟ, ಮಲ್ಟಿಜೆಟ್ ಆದರೆ ಟೈಮಿಂಗ್ ಚೈನ್‌ನ ಸದ್ದು, ಎಲ್ಲ ನೋಡಿಸಿ. ಎಷ್ಟೋ ಸಲ ಇಷ್ಟು ಮಾಡಿಸಿದ ಮೇಲೆ ಕಾರು ಮೊದಲಿನ ಹಾಗೆ ಎಳೆಯತೊಡಗಿ ರೀಮ್ಯಾಪ್ ಬೇಕೇ ಎನ್ನಿಸುವುದಿಲ್ಲ. ಆ ಹಣ ಉಳಿದರೆ ಒಳ್ಳೆಯ ಟೈರಿಗೂ ಬ್ರೇಕ್ ಪ್ಯಾಡಿಗೂ ಹಾಕಿ ಎಂದು ಒತ್ತಿ ಹೇಳುತ್ತೇನೆ.

ಟ್ಯೂನಿಂಗ್ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಇಸಿಯು ಮುಟ್ಟಬೇಕಿಲ್ಲ, ವೈರ್ ಸಿಕ್ಕಿಸಿದರೆ ಸಾಕು. ಅಗ್ಗದ ಪೆಟ್ಟಿಗೆಗಳು ಮಾಡುವುದೇನೆಂದರೆ, ರೈಲ್‌ನಲ್ಲಿ 1,400 ಬಾರ್ ಒತ್ತಡವಿದ್ದರೆ ಇಸಿಯುಗೆ 1,250 ಎಂದು ತಿಳಿಸುವುದು. ಇಸಿಯು ಪಾಪ, ನಂಬಿ ಒತ್ತಡ ಏರಿಸುತ್ತದೆ. ತಾನು ಕಳಿಸಿದ ಡೀಸೆಲ್ ಎಷ್ಟೆಂಬ ಅದರ ಎಲ್ಲ ಲೆಕ್ಕವೂ ಅಲ್ಲಿಗೆ ಸುಳ್ಳಾಯಿತು. ಸ್ಮೋಕ್ ಲಿಮಿಟರ್ ಇದ್ದೂ ಇಲ್ಲದಂತೆ. ನಾನಂತೂ ಇದನ್ನು ಯಾರಿಗೂ ಸೂಚಿಸುವುದಿಲ್ಲ.

ಮೈಲೇಜ್ ಹೆಚ್ಚುತ್ತದೆ ಎಂಬ ಭರವಸೆಯನ್ನೂ ಇದೇ ಬೆಳಕಿನಲ್ಲಿ ನೋಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಮೈಲೇಜ್ ಅಳೆದದ್ದಲ್ಲ, ತಾನು ಕಳಿಸಿದ್ದೇನೆಂದು ಇಸಿಯು ಭಾವಿಸಿರುವ ಡೀಸೆಲ್‌ನ ಲೆಕ್ಕ. ಇಂಜೆಕ್ಟರ್ ತೆರೆದಿರುವ ಅವಧಿಯ ಮ್ಯಾಪನ್ನೇ ಹಿಗ್ಗಿಸಿದ್ದರೆ ಕಾರು ಹೆಚ್ಚು ಡೀಸೆಲ್ ಕುಡಿಯುತ್ತಾ ಕಡಿಮೆ ಕುಡಿದಂತೆ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಅಳೆಯುವ ಹಳೆಯ ಕ್ರಮವೇ ನಂಬಿಕೆಯದು.

ಡಿಪಿಎಫ್ ತೆಗೆಸಿ, ಇಜಿಆರ್ ಮುಚ್ಚಿಸಿ ಎಂದು ಯಾರಾದರೂ ಜೊತೆಗೇ ಸಲಹೆ ಕೊಟ್ಟರೆ ಎದ್ದು ಬನ್ನಿ. ಡಿಪಿಎಫ್ ಎಂಬುದು ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ ಸುಡುವ ಜಾಲರಿ. ಅದನ್ನು ಕೊರೆದು ಖಾಲಿ ಮಾಡಿದ ಕಾರಿನ ಮಸಿ ಹೋಗುವುದು ಸಿಗ್ನಲ್‌ನಲ್ಲಿ ಹಿಂದೆ ನಿಂತ ಸ್ಕೂಟರ್‌ನವರ, ಅವರ ಮುಂದೆ ನಿಂತ ಮಗುವಿನ ಶ್ವಾಸಕೋಶಕ್ಕೆ. ನಮ್ಮ ಓವರ್‌ಟೇಕ್‌ಗಾಗಿ ಅಷ್ಟು ಬೆಲೆ ಬೇರೆಯವರಿಂದ ಕೊಡಿಸುವ ಹಕ್ಕು ನಮಗಿಲ್ಲ. ಡಿಪಿಎಫ್ ಉಳಿಸಿಕೊಂಡೇ ಮಾಡಿಸಿದರೂ ಎಚ್ಚರ ಬೇಕು. ಮಸಿ ಹೆಚ್ಚಾದರೆ ಸುಡುವ ಸರದಿ ಬೇಗ ಬೇಗ ಬರುತ್ತದೆ. ಹಲವು ಕಾರುಗಳಲ್ಲಿ ಅದಕ್ಕಾಗಿ ಸಿಲಿಂಡರ್‌ಗೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುವುದರಿಂದ ಅದರಲ್ಲಿ ಸ್ವಲ್ಪ ಆಯಿಲ್‌ಗೆ ಇಳಿದು ಆಯಿಲ್ ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಹೋದರೆ ಅದು ಒಳ್ಳೆಯ ಲಕ್ಷಣವಲ್ಲ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾರಂಟಿಯಲ್ಲಿರುವ ಕಾರಾದರೆ ಎಂಜಿನ್, ಗೇರ್‌ಬಾಕ್ಸ್‌ನ ವಾರಂಟಿ ಹೋಯಿತೆಂದೇ ತಿಳಿಯಿರಿ. ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತೊಂದರೆ. ಎಮಿಷನ್ ಟೆಸ್ಟ್‌ನಲ್ಲಿ ಮೊದಲಿನಂತೆಯೇ ಪಾಸಾಗುವುದು ಕನಿಷ್ಠ ಷರತ್ತಾಗಿರಲಿ.

ಇಷ್ಟೆಲ್ಲ ತೂಗಿ ನೋಡಿ ಮುಂದುವರಿಯುವವರಿಗೆ ನನ್ನ ಅಳತೆ ಶೇಕಡ 15ರಿಂದ 20. ಸಣ್ಣ ಟರ್ಬೊ ಮಿತಿಮೀರದೆ ಗಾಳಿ ಕೊಟ್ಟರೆ ಮಾತ್ರ 75 ಪಿಎಸ್ ಇದ್ದದ್ದು ಹೆಚ್ಚೆಂದರೆ 88ರ ಹತ್ತಿರ, 190 ಎನ್‌ಎಂ ಇದ್ದದ್ದು 220ರ ಹತ್ತಿರ. ಸಿದ್ಧ ಫೈಲ್ ತಂದು ತುಂಬುವವರ ಬದಲು, ನಿಮ್ಮ ಕಾರಿನ ಇಸಿಯುವನ್ನೇ ಓದಿ, ಅದನ್ನೇ ತಿದ್ದಿ, ಮೂಲ ಫೈಲಿನ ಪ್ರತಿಯನ್ನು ನಿಮ್ಮ ಕೈಗೆ ಕೊಡುವವರನ್ನು ಹುಡುಕಿ. ಶಕ್ತಿ ಅಳೆಯುವ ಡೈನೊ ಮೇಲೆ ರೀಮ್ಯಾಪ್‌ಗೆ ಮೊದಲು ಒಂದು ಓಟ, ಆಮೇಲೆ ಒಂದು ಓಟ ಮಾಡಿಸಿ. ಜೊತೆಗೆ ಲಾಗ್ ಕೇಳಿ: ಇಸಿಯು ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು, ಕೇಳಿದ ರೈಲ್ ಒತ್ತಡ ಎಷ್ಟು, ಸಿಕ್ಕಿದ್ದೆಷ್ಟು, ಗಾಳಿ ಎಷ್ಟು, ಡೀಸೆಲ್ ಎಷ್ಟು. ಗಾಳಿಯನ್ನು ಡೀಸೆಲ್‌ನಿಂದ ನೀವೇ ಭಾಗಿಸಿ ನೋಡಿ. 18ರ ಕೆಳಗೆ ಇಳಿದಿದ್ದರೆ ಡೀಸೆಲ್ ಕಡಿಮೆ ಮಾಡಲು ಹೇಳಿ, ಸಂಕೋಚ ಬೇಡ.

ಆಮೇಲಿನ ದಿನಗಳಲ್ಲಿ ಕಂಪನಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲನ್ನು ಹೇಳಿದ್ದಕ್ಕಿಂತ ಸ್ವಲ್ಪ ಬೇಗನೇ ಬದಲಿಸಿ. ಬೆಳಿಗ್ಗೆ ಎಂಜಿನ್ ಕಾಯುವ ತನಕ ಪೆಡಲ್ ಪೂರ್ತಿ ಒತ್ತಬೇಡಿ. ಶಿರಾಡಿಯೋ ಚಾರ್ಮಾಡಿಯೋ ಹತ್ತಿ ನಿಂತ ಕೂಡಲೇ ಎಂಜಿನ್ ಆರಿಸದೆ ಒಂದು ನಿಮಿಷ ಐಡಲ್ ಬಿಟ್ಟು ಟರ್ಬೊ ತಣಿಯಲು ಬಿಡಿ. ಟಾಪ್ ಗೇರಿನಲ್ಲಿ 1,300 ಆರ್‌ಪಿಎಂನಿಂದ ಎಳೆಸುವ ಅಭ್ಯಾಸವಿದ್ದರೆ ಗೇರ್ ಇಳಿಸುವುದನ್ನು ರೂಢಿಸಿಕೊಳ್ಳಿ. ಸರ್ವೀಸ್ ಸೆಂಟರ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಹೋಗುತ್ತದೆ, ಮೊದಲೇ ಹೇಳಿಡಿ. ಐದು ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಲಾಗ್ ತೆಗೆಸಿ, ಮೊದಲಿನದರ ಪಕ್ಕ ಇಟ್ಟು ನೋಡಿ. ಕೇಳಿದ ಬೂಸ್ಟ್‌ಗೂ ಸಿಕ್ಕಿದ ಬೂಸ್ಟ್‌ಗೂ ಅಂತರ ಬೆಳೆದಿದ್ದರೆ ಮ್ಯಾಪ್ ಮುಟ್ಟಿಸಬೇಡಿ. ಹೋಸ್‌ಗಳಿಂದ ಶುರುಮಾಡಿ ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ.